ತೊಗಲು ಹೊದ್ದ ಮರಿ

ಸತ್ತ ಮರಿಯ ತೊಗಲನ್ನು ತಬ್ಬಲಿ ಮರಿಗೆ ಹೊದಿಸಿ, ಮರಿ ಕಳೆದುಕೊಂಡ ಕುರಿಯನ್ನು ನಂಬಿಸುವುದು ಅಣ್ಣಯ್ಯಪ್ಪನಿಗೆ ಹೊಸ ವಿದ್ಯೆಯೇನಲ್ಲ. ಅರುವತ್ತು ವರ್ಷದಲ್ಲಿ ಎಷ್ಟು ಸಲ ಮಾಡಿದ್ದನೋ, ಎಷ್ಟು ಸಲ ನೋಡಿದ್ದನೋ. ಕುರಿ ಮೂಸುತ್ತದೆ, ತನ್ನ ಮರಿಯದೇ ವಾಸನೆ ಎಂದುಕೊಳ್ಳುತ್ತದೆ, ಕೆಚ್ಚಲು ಕೊಡುತ್ತದೆ. ಮೂರು ನಾಲ್ಕು ದಿನ ಕಳೆದು ತೊಗಲು ಬಿಚ್ಚಿದರೂ ಅದಕ್ಕೆ ಆ ಮರಿ ತನ್ನದೇ. ಆದರೂ ಆ ಬೆಳಿಗ್ಗೆ, ದೊಡ್ಡಿಯ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತ ಸೊಸೆ ಪೂಂಗೊಡಿ ಮರಿಯ ಮೈಮೇಲೆ ಹಸಿ ತೊಗಲನ್ನು ಎಳೆದು ನಾರಿನ ಹುರಿಯಿಂದ ಗಂಟು ಹಾಕುವುದನ್ನು ಬೇಲಿಯಾಚೆಯಿಂದ ನೋಡುತ್ತಿದ್ದಂತೆ ಅವನಿಗೆ ಒಂದು ಬಗೆಯ ಕಸಿವಿಸಿ ಶುರುವಾಯಿತು. ಯಾಕೆಂದು ಮೊದಲು ಹೊಳೆಯಲಿಲ್ಲ. ಹುಡುಗಿ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದಳು. ಬಾಲವನ್ನು ಕತ್ತರಿಸದೆ ತೊಗಲಿನ ಜೊತೆಯಲ್ಲೇ ಉಳಿಸಿಕೊಂಡಿದ್ದಳು. ಕುರಿ ಮೊದಲು ಮೂಸುವುದು ಬಾಲದ ಬುಡವನ್ನು ಎಂದು ತಿಳಿದವರು ಮಾತ್ರ ಹಾಗೆ ಮಾಡುತ್ತಾರೆ. ಆಮೇಲೆ ಅವನ ಕಣ್ಣು ಗಂಟಿನ ಮೇಲೆ ಬಿತ್ತು. ಗಂಟು ಮರಿಯ ಬಲಭುಜದ ಮೇಲಿತ್ತು. ಹಟ್ಟಿಯಲ್ಲಿ ಯಾರೇ ಕಟ್ಟಲಿ, ಅದು ಎಡಭುಜಕ್ಕೆ ಬರುತ್ತದೆ. ಬಲಗೈಯವರಿಗೆ ಅದೇ ಸಲೀಸು. ಹಟ್ಟಿಯಲ್ಲಿ ಎಡಗೈಯವಳು ಒಬ್ಬಳೇ ಒಬ್ಬಳು. ಅವಳ ಹೆಸರು ನೆನಪಾದದ್ದೇ ಅಣ್ಣಯ್ಯಪ್ಪ ಬೇಲಿಯ ಗೂಟವನ್ನು ಹಿಡಿದುಕೊಂಡ.

“ಇದ್ನ ಯಾರಮ್ಮಾ ಕಲಿಸ್ದೋರು ನಿಂಗೆ?”

ಪೂಂಗೊಡಿಯ ಕೈ ನಿಂತಿತು. ಮೆಟ್ಟೂರು ಕಟ್ಟೆಯ ಕೆಲಸಕ್ಕೆ ಗಾಡಿಯಲ್ಲಿ ಕಲ್ಲು ಹೊಡೆಯುತ್ತಿದ್ದವನ ಮಗಳು ಅವಳು. ಒಂದೂವರೆ ವರ್ಷದ ಹಿಂದೆ ಮದುವೆಯಾಗಿ ಈ ಹಟ್ಟಿಗೆ ಬರುವವರೆಗೆ ಕುರಿಯನ್ನು ಮುಟ್ಟಿದವಳೇ ಅಲ್ಲ. “ಸುಮ್ನೆ... ನೋಡಿ ಕಲ್ತೆ ಮಾವ,” ಎಂದಳು.

“ಯಾರ್ನ ನೋಡಿ?”

ಹುಡುಗಿ ಮರಿಯ ಕಿವಿಯನ್ನು ನೀವತೊಡಗಿದಳು. “ದೊಡ್ಡತ್ತೇನ,” ಎಂದಳು ಕೊನೆಗೆ. ಹಟ್ಟಿಯವರು ದೊಡ್ಡಕ್ಕ ಎನ್ನುವ ಎಡಗೈ ಮುದುಕಿಯನ್ನು ಅವಳು ಕರೆಯುತ್ತಿದ್ದುದು ಹಾಗೆ. ಅಷ್ಟು ಬಂದ ಮೇಲೆ ಉಳಿದದ್ದು ತಾನಾಗಿಯೇ ಬಂತು, ಅಳುವಿನ ಜೊತೆಯಲ್ಲಿ. “ಓದ ವರ್ಸ, ನೀವೂ ಇವ್ರೂ ಮಂದೆ ಒಡ್ಕಂಡು ಅರೂರ್ ಕಡೆ ಓಗಿದ್ರಲ್ಲ, ಅವಾಗ. ಚಳಿ ರೊಂಬ ಇತ್ತು ಮಾವ. ಪಾವಂ, ಎಳೇ ಮರಿ, ನಡುಗ್ತಾ ಐತೆ ಅಂತ ಬುಟ್ಟಿ ಮುಚ್ಚಿ ಮ್ಯಾಲೆ ಎರಡು ಕಂಬ್ಳಿ ಒದಿಸ್ಬುಟ್ಟೆ. ಬೆಳಿಗ್ಗೆ ಎತ್ತಿ ನೋಡಿದ್ರೆ ಬಿಳಿಮೂತಿ ಕುರಿ ಮರಿ ಉಸುರಿಲ್ದೆ ಬಿದ್ದಿತ್ತು. ನಿಮಗೇನಂತ ಏಳ್ಲಿ ಅಂತ ದೊಡ್ಡತ್ತೆ ಅತ್ರ ಓಡ್ದೆ. ಅವ್ರ ಕುರೀದು ಜೋಡಿ ಮರಿ ಇತ್ತಲ್ಲ, ಅದ್ರಲ್ಲಿ ಒಂದ್ನ ತಂದು, ತೊಗಲು ಕಟ್ಟಿ, ಬಿಳಿಮೂತಿಗೆ ಕುಡಿಸಿದ್ರು. ಅದು ನಿಮ್ದೇ ಇರ್ಲಿ ಅಂದ್ರು. ಯಾರಿಗೂ ಏಳ್ಬ್ಯಾಡ ಅಂದ್ರು.”

ಬೈಯಬೇಕೆಂದು ಅಣ್ಣಯ್ಯಪ್ಪನ ಬಾಯಿಗೆ ಬಂದದ್ದು ಎಲ್ಲಿಗೆ ಹೋಯಿತೋ. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಕೋಲು ಹಿಡಿದು, ಮಂದೆಯನ್ನು ಹೊಡೆದುಕೊಂಡು ಹೊರಟುಬಿಟ್ಟ. ಹಿಂದಿನಿಂದ ಹುಡುಗಿ ಬುತ್ತಿಯ ಗಂಟು ಹಿಡಿದು ಓಡಿ ಬಂದು ಕೊಟ್ಟಾಗ ಅವಳ ಮುಖವನ್ನು ನೋಡಲು ಅವನಿಗೇ ಧೈರ್ಯವಾಗಲಿಲ್ಲ. ಅವಳು ಹೆದರಿದ್ದಳು, ಅದು ಅವನಿಗೆ ಕಾಣುತ್ತಿತ್ತು. ಒಂದು ವರ್ಷ ತನ್ನ ಮನೆಯಲ್ಲಿ ತನಗೆ ಮುದ್ದೆ ಇಕ್ಕುತ್ತಾ ಈ ಹುಡುಗಿ ತನಗೆ ಇಷ್ಟು ಹೆದರಿಕೊಂಡಿದ್ದಳು ಎನ್ನುವುದು ಮಾತ್ರ ಈವರೆಗೆ ಕಂಡಿರಲಿಲ್ಲ.

ಕಾಣುವುದೇ ಅವನ ಹೆಗ್ಗಳಿಕೆಯಾಗಿತ್ತು. ಪಾಲಕೋಡಿನ ಸಂತೆಗೆ ಬರುವ ಕುರಿಯವರೆಲ್ಲ ಅವನನ್ನು ಕರೆಯುತ್ತಿದ್ದುದೇ ‘ಕಣ್ಣಣ್ಣಯ್ಯಪ್ಪ’ ಎಂದು. ಹಗಲೆಲ್ಲ ಬೇರೆ ಬೇರೆ ಮೇಯುವ ಹಟ್ಟಿಯ ಆರು ಮನೆಯ ಕುರಿಗಳು ಸಂಜೆ ಒಂದೇ ದೊಡ್ಡಿಯಲ್ಲಿ ಕೂಡುತ್ತವೆ. ಆಗ ದೊಡ್ಡಿಯ ಬಾಗಿಲಲ್ಲಿ ಒಬ್ಬರು ನಿಂತು, ಕಾಲ ಸಂದಿಯಲ್ಲಿ ನುಗ್ಗುವ ಮರಿಗಳನ್ನು ಒಂದೊಂದಾಗಿ ತಡೆದು, ಇದು ಇಂಥವರದು, ಇದು ಇಂಥವರದು ಎಂದು ಹೇಳಬೇಕು. ಕಿವಿಗೆ ಗುರುತು ಹಾಕುವ ಪ್ರಾಯ ಬರುವವರೆಗೆ ಮರಿಗಳಿಗೆ ಬಾಗಿಲಲ್ಲಿ ನಿಂತವರ ಕಣ್ಣೇ ಗುರುತು. ಆ ಜಾಗ ಅಣ್ಣಯ್ಯಪ್ಪನ ಅಪ್ಪನದಾಗಿತ್ತು, ಇಪ್ಪತ್ತು ವರ್ಷದಿಂದ ಅಣ್ಣಯ್ಯಪ್ಪನದು. ಅವನು ‘ನಮ್ದು’ ಎಂದರೆ ಅವನದು, ‘ನಿಮ್ದು’ ಎಂದರೆ ನಿಮ್ಮದು. ಎರಡನೆಯ ಮಾತನ್ನು ಯಾರೂ ಕೇಳಿದ್ದಿಲ್ಲ. ಅವನೂ ತನ್ನನ್ನು ತಾನು ಕೇಳಿಕೊಂಡಿದ್ದಿಲ್ಲ. ಹರೂರಿನಿಂದ ಮರಳಿದ ದಿನ ಬಿಳಿಮೂತಿಯ ಮರಿಯನ್ನು ಎತ್ತಿ ಹಿಡಿದು, “ನೋಡ್ರಲಾ, ನಮ್ಮ ಕರಿಟಗರಿಂದೇ ಮೂತಿ, ಅದೇ ಅಣೆ, ಅದೇ ಸೊಕ್ಕು,” ಎಂದು ನಾಲ್ಕು ಜನರ ಮುಂದೆ ಮೆರೆಸಿದ್ದ. ಈಗ ಆ ಮಾತು ನೆನಪಾಗಿ, ಬಯಲಿನಲ್ಲಿ ಯಾರೂ ಇಲ್ಲದಿದ್ದರೂ, ಅವನ ಕಿವಿ ಬಿಸಿಯಾಯಿತು. ಇಲ್ಲದ ಹೋಲಿಕೆ ಅವನ ಕಣ್ಣಿಗೆ ಎಷ್ಟು ಚೆನ್ನಾಗಿ ಕಂಡಿತ್ತು! ಆಗ ಪೂಂಗೊಡಿ ಪಕ್ಕದಲ್ಲೇ ನಿಂತಿದ್ದಳು. ದೊಡ್ಡಕ್ಕನೂ ಇದ್ದಳು, “ಊಂ ಕಣಪ್ಪ, ಅಂಗೇ ಐತೆ,” ಎಂದಿದ್ದಳು, ನಗದೆ.

ಕುರಿಗಳು ಒಣಹುಲ್ಲಿನಲ್ಲಿ ಹರಡಿಕೊಂಡವು. ಬಿಸಿಲು ಏರುತ್ತಿತ್ತು. ಅವನು ಕೋಲಿಗೆ ಗಲ್ಲ ಊರಿ ನಿಂತ. ಅದೇ ಮರಿ, ಈಗ ವರ್ಷ ತುಂಬಿದ ಹೆಣ್ಣುಕುರಿ, ಬಿಳಿಮೂತಿಯ ಪಕ್ಕದಲ್ಲೇ ಮೇಯುತ್ತಿತ್ತು. ಕರಿಟಗರಿನ ಹೋಲಿಕೆ ಇದೆಯೇ ಎಂದು ಮತ್ತೆ ನೋಡಿದ. ಇದೆ ಎಂದರೆ ಇತ್ತು, ಇಲ್ಲ ಎಂದರೆ ಇರಲಿಲ್ಲ. ಅದಕ್ಕೆ ನಾಲ್ಕು ತಿಂಗಳಾಗಿದ್ದಾಗ ಒಂದು ಸಂಜೆ ಅದು ದೊಡ್ಡಿಗೆ ಬರಲಿಲ್ಲ. ಅಂದು ದೊಡ್ಡಕ್ಕನ ಕಾಲಿಗೆ ಮುಳ್ಳು ಚುಚ್ಚಿ, ಅವಳು ತನ್ನ ಎಂಟು ಕುರಿಗಳನ್ನು ಗುಡಿಸಲ ಹಿಂದೆಯೇ ಕೂಡಿಕೊಂಡಿದ್ದಳು. ಬೆಳಿಗ್ಗೆ ಅಣ್ಣಯ್ಯಪ್ಪ ಹುಡುಕಿಕೊಂಡು ಹೋದರೆ ಮರಿ ಅಲ್ಲಿತ್ತು, ಅವಳ ಕೈಯಿಂದ ಜಾಲಿಕಾಯಿ ತಿನ್ನುತ್ತಾ. “ತಾನಾಗೇ ಬಂತು ಕಣಪ್ಪ, ನಾನೇ ಒಡ್ಕಂಡ್ ಬರೋಣ ಅಂತಿದ್ದೆ,” ಎಂದಳು. ತಾನಾಗಿ ಬಂತಂತೆ! ಹಾಲು ಬಿಡದ ಮರಿ ತಾಯನ್ನು ಬಿಟ್ಟು ತಾನಾಗಿ ಇನ್ನೊಬ್ಬರ ಹಿಂದೆ ಹೋಗುತ್ತದೆಂದು ಕುರಿ ಕಾದವರು ಯಾರಾದರೂ ಹೇಳುತ್ತಾರೆಯೇ? ಅಷ್ಟು ಸಾಕಾಯಿತು ಅವನಿಗೆ. ಬೇವಿನ ಮರದಡಿ ಜನ ಸೇರಿಸಿದ. ಈ ಕಡೆ ಬಿಳಿಮೂತಿಯನ್ನು, ಆ ಕಡೆ ದೊಡ್ಡಕ್ಕನ ಕುರಿಗಳನ್ನು ನಿಲ್ಲಿಸಿ ನಡುವೆ ಮರಿಯನ್ನು ಬಿಟ್ಟ. ಮರಿ ಅರಚುತ್ತಾ ಓಡಿ ಬಂದು ಬಿಳಿಮೂತಿಯ ಕೆಚ್ಚಲಿಗೆ ಬಾಯಿ ಹಾಕಿತು. “ಕುರಿ ಸುಳ್ಳೇಳ್ತದಾ? ಇವಳು ಎತ್ಕಂಡೋಗಿದ್ದಾಳೆ, ಕಳ್ಳಿ,” ಎಂದ. ಅಕ್ಕ ಎಂದು ಕರೆಯುತ್ತಿದ್ದ ಬಾಯಲ್ಲೇ ಎಂದ. ಅವಳ ಕುರಿಗಳು ಇನ್ನು ದೊಡ್ಡಿಗೆ ಬರಕೂಡದು ಎಂದೂ ಅವನೇ ಹೇಳಿದ, ಉಳಿದವರು ತಲೆಯಾಡಿಸಿದರು. ದೊಡ್ಡಕ್ಕ ಜನರ ಆಚೆಗೆ ಒಂದು ಸಲ ನೋಡಿದಳು. ಯಾರನ್ನೋ ಹುಡುಕುತ್ತಿದ್ದಾಳೆ, ತನ್ನ ಪರ ಮಾತಾಡುವವರನ್ನು, ಎಂದು ಅವನು ಅಂದುಕೊಂಡಿದ್ದ. ಅಲ್ಲಿ ನಿಂತಿದ್ದವಳು ಪೂಂಗೊಡಿ. ಬಾಯಿ ಬಿಡಬೇಡ ಎಂದು ಅವಳಿಗೆ ಕಣ್ಣಿನಲ್ಲೇ ಹೇಳುತ್ತಿದ್ದಳು ಮುದುಕಿ. ಆ ನೋಟವನ್ನೂ ಅವನು ಕಂಡಿದ್ದ, ಸರಿಯಾಗಿ ಕಂಡಿದ್ದ, ಅರ್ಥವನ್ನು ಮಾತ್ರ ತಿರುಗಾಮುರುಗಾ ಮಾಡಿಕೊಂಡಿದ್ದ. “ನಿನ್ ಕಣ್ಣಿಗೆ ಅಂಗ್ ಕಂಡ್ರೆ ಅಂಗೇ ಆಗ್ಲಿ ಕಣಪ್ಪ,” ಎಂದು ಅವಳು ಕುಂಟುತ್ತಾ ಹೋಗಿದ್ದಳು. ಮಳೆಗಾಲದಲ್ಲಿ ಅವಳ ಒಂಟಿ ಬೇಲಿಯನ್ನು ಹಾರಿ ನರಿ ಒಂದು ಕುರಿಯನ್ನು ಎಳೆದುಕೊಂಡು ಹೋಯಿತು. ಆ ಸುದ್ದಿ ಕೇಳಿದಾಗ ಅವನಿಗೆ ಏನೂ ಅನ್ನಿಸಿರಲಿಲ್ಲ. ಈಗ, ಏನೂ ಅನ್ನಿಸಿರಲಿಲ್ಲವೆನ್ನುವುದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಮಧ್ಯಾಹ್ನ ಕುಂಟೆಯ ಹತ್ತಿರ ನೀರು ಕುಡಿಸಲು ಕುರಿಗಳನ್ನು ಇಳಿಸಿದಾಗ ಆಚೆ ದಡದ ಹುಣಿಸೆಯ ನೆರಳಿನಲ್ಲಿ ದೊಡ್ಡಕ್ಕ ಕೂತಿದ್ದಳು. ಇಷ್ಟು ದಿನ ಅವಳು ಅಲ್ಲಿದ್ದರೆ ಅವನು ಮಂದೆಯನ್ನು ಬಳಸಿ ಹೊಡೆದುಕೊಂಡು ಹೋಗುತ್ತಿದ್ದ. ಅದನ್ನು ಶಿಸ್ತು ಎಂದುಕೊಂಡಿದ್ದ. ಇವತ್ತು ಕಾಲು ತಾನೇ ಆ ಕಡೆ ನಡೆಯಿತು. ಹತ್ತಿರ ಹೋಗಿ ನಿಂತ. ಅವಳು ತಲೆಯೆತ್ತಿ ನೋಡಿ, ಎಡಗೈಯಿಂದ ಪಕ್ಕದ ಕಲ್ಲನ್ನು ಸವರಿ ಧೂಳು ಕೊಡವಿದಳು.

“ಕೂತ್ಕ. ಬಿಸ್ಲಲ್ಲಿ ಬಂದಿದ್ದೀಯ. ಅಂಬ್ಲಿ ಐತೆ, ಕುಡೀತೀಯಾ?”

ಎಂಟು ತಿಂಗಳ ಮೇಲೆ ಅವಳು ಅವನಿಗೆ ಆಡಿದ ಮೊದಲ ಮಾತು ಅದು. ಅವನು ಕೂತ. ಸೋರೆಬುರುಡೆಯನ್ನು ಎರಡು ಕೈಯಲ್ಲೂ ಹಿಡಿದು ಕುಡಿದ. ಅಂಬಲಿಗೆ ಮಜ್ಜಿಗೆ ಇರಲಿಲ್ಲ, ಬರೀ ಉಪ್ಪು. ಏಳು ಕುರಿಯವಳ ಮನೆಯಲ್ಲಿ ಇನ್ನೇನಿರುತ್ತದೆ ಎಂದುಕೊಂಡ. ಕುರಿ ಕಾಯುವ ಗಂಡಸು ಹುಣಿಸೆಯಡಿ ಕೂತು ಅಳುವುದೇ? ಅಳು ಬಂತು, ಏನು ಮಾಡುವುದು. ಕಂಬಳಿಯ ಅಂಚಿನಿಂದ ಮೂಗು ಒರೆಸಿಕೊಂಡ.

“ಉಡುಗಿ ಏಳಿದ್ಲಾ?” ಎಂದಳು ದೊಡ್ಡಕ್ಕ.

“ಗಂಟು ನೋಡ್ದೆ. ಬಲಕ್ಕಿತ್ತು.”

“ಅಯ್ಯೋ, ಅದೊಂದು ಮರ್ತ್ಬುಟ್ಟೆ ನೋಡು,” ಎಂದು ಅವಳು ನಕ್ಕಳು. ಹಲ್ಲಿಲ್ಲದ ಬಾಯಿ. ಆ ನಗೆಯಲ್ಲಿ ಎಲ್ಲಿಯೂ ಗೆದ್ದ ಗರ್ವವಿರಲಿಲ್ಲ, ಅವನು ಹುಡುಕಿಯೇ ಹುಡುಕಿದ. ಆಮೇಲೆ ನಗೆ ನಿಲ್ಲಿಸಿ, “ಅವಳಿಗೇನೂ ಅನ್ಲಿಲ್ಲ ತಾನೆ ನೀನು?” ಎಂದಳು.

“ಇಲ್ಲ ಕಣಕ್ಕ.” ಅಕ್ಕ ಎನ್ನುವ ಮಾತು ಎಂಟು ತಿಂಗಳ ಮೇಲೆ ನಾಲಿಗೆಗೆ ಒರಟಾಗಿ ಸಿಕ್ಕಿತು. “ಅವತ್ತು ಯಾಕಕ್ಕಾ ಬಾಯಿ ಬಿಡ್ಲಿಲ್ಲ? ಒಂದು ಮಾತು. ಅಷ್ಟು ಜನದ ಮುಂದೆ ಕಳ್ಳಿ ಅಂದ್ನಲ್ಲ.”

“ನೀನಂದೆ. ನಾನ್ ನೊಂದ್ಕಂಡೆ, ಇಲ್ಲ ಅನ್ನಾಕಿಲ್ಲ. ಮೂರ್ ದಿನ ಉಣ್ಲಿಲ್ಲ.” ಅವಳು ಬುರುಡೆಯನ್ನು ಈಸಿಕೊಂಡು ಉಳಿದ ಅಂಬಲಿಯನ್ನು ಅಲ್ಲಾಡಿಸಿದಳು. “ಆದ್ರೆ ನಂದೇನು, ಇನ್ನು ನಾಕೊರ್ಸವೋ ಐದೊರ್ಸವೋ. ಅವಳು ಒಸ್ದಾಗಿ ಬಂದೋಳು. ಐವತ್ತೊರ್ಸ ಆ ಮನೇಲಿ ಬಾಳ್ಬೇಕು. ಮರಿ ಸಾಯಿಸ್ದೋಳು ಅಂತ ಒಂದು ಯೆಸ್ರು ಅಂಟ್ಕಂಡ್ರೆ ಓಗ್ತದಾ? ಚಳಿ ಅಂತ ಕಂಬ್ಳಿ ಒದ್ಸಿದೋಳಪ್ಪ ಅದು. ಅಂತಾ ಮನಸು ಮುದುರ್ಕಂಡ್ರೆ ಆಮ್ಯಾಲೆ ಯಾವ ಮರಿ ಸಾಕ್ತಾಳೆ?”

ಅಣ್ಣಯ್ಯಪ್ಪ ಅವಳನ್ನು ನೋಡಿದ. ನೂರಾರು ಕುರಿಗಳ ಮುಖಗಳನ್ನು ಬೇರೆ ಬೇರೆ ಬಲ್ಲ ತಾನು ಈ ಮುಖವನ್ನು ನಲವತ್ತು ವರ್ಷದಿಂದ ನೋಡಿಯೂ ನೋಡಿರಲಿಲ್ಲ ಎನ್ನಿಸಿತು. ಸುಕ್ಕು, ಬಿಸಿಲಿಗೆ ಕರಿಹತ್ತಿದ ಕೆನ್ನೆ, ಒಂದು ಕಣ್ಣಿಗೆ ಪೊರೆ ಬರುತ್ತಿತ್ತು. ಅವಳು ಬುದ್ಧಿವಂತೆಯೆಂದು ಯಾರೂ ಹೇಳಿದ್ದಿಲ್ಲ. ಸಭೆಯಲ್ಲಿ ಅವಳನ್ನು ಯಾರೂ ಮಾತಿಗೆ ಕರೆದಿದ್ದಿಲ್ಲ. ಕೊಟ್ಟ ಮರಿಗೇ ಕಳ್ಳಿ ಎನ್ನಿಸಿಕೊಂಡು, ಹಾಗೆಂದವನಿಗೇ ಕೂರಲು ಕಲ್ಲು ಒರೆಸಿ ಕೊಡುವ ಹೆಂಗಸು ತನ್ನ ಹಟ್ಟಿಯಲ್ಲೇ ಇದ್ದಳು. ಎಷ್ಟು ದೊಡ್ಡ ಜೀವ, ಎಂದುಕೊಂಡ. ಅವನು ಯಾರ ವಿಷಯದಲ್ಲೂ ಹಾಗೆ ಅಂದುಕೊಂಡ ಆಸಾಮಿಯಲ್ಲ.

“ಸಂಜೆ ದೊಡ್ಡಿಗೆ ಕುರಿ ಒಡ್ಕಂಡ್ ಬಾ ಅಕ್ಕ,” ಎಂದ.

ಅವಳು ಬುರುಡೆಯನ್ನು ಕೆಳಗಿಟ್ಟಳು. “ನಾಕ್ ಜನದ ಮುಂದೆ ಬ್ಯಾಡ ಅಂದಿದ್ದು. ಬಾ ಅನ್ನೋದಾದ್ರೂ ನಾಕ್ ಜನದ ಮುಂದೇನೇ ಅನ್ಬೇಕು. ನಂಗೂ ಮುಖ ಅಂತ ಒಂದೈತೆ.” ಆಮೇಲೆ ಸ್ವರ ತಗ್ಗಿಸಿ, “ಆದ್ರೆ ಉಡುಗಿ ಯೆಸ್ರು ಬರಬಾರ್ದು ನೋಡು. ಬಂತು ಅಂದ್ರೆ ನಾನ್ ಬರಾಕಿಲ್ಲ,” ಎಂದಳು.

ಅದು ಅವನಿಗೆ ಅರ್ಥವಾಗಲು ದಾರಿಯ ಅರ್ಧ ಬೇಕಾಯಿತು. ತಾನು ತಪ್ಪಿದೆ ಎನ್ನಬೇಕು, ಹೇಗೆ ತಪ್ಪಿದೆ ಎನ್ನಬಾರದು. ತೊಗಲಿನ ಕಥೆ ಹೇಳಿದ್ದರೆ ಜನ, ಪಾಪ, ಯಾರ ಕಣ್ಣಾದರೂ ಮೋಸ ಹೋಗುತ್ತಿತ್ತು, ಕುರಿಯೇ ಮೋಸ ಹೋದ ಮೇಲೆ ಮನುಷ್ಯನದೇನು ಎನ್ನುತ್ತಿದ್ದರು. ಕಣ್ಣಣ್ಣಯ್ಯಪ್ಪನ ಕಣ್ಣು ಉಳಿಯುತ್ತಿತ್ತು. ಕಾರಣ ಹೇಳದಿದ್ದರೆ ಉಳಿಯುವುದಿಲ್ಲ. ಕಾರಣವಿಲ್ಲದೆ ತಪ್ಪಿದವನು ಎಲ್ಲಿ ಬೇಕಾದರೂ ತಪ್ಪಿರಬಹುದು. ನಡೆಯುತ್ತಾ ನಡೆಯುತ್ತಾ ಅವನು ಒಳಗೊಳಗೇ ದಾರಿ ಹುಡುಕಿದ. ಯಾರೋ ದಾರಿಹೋಕ ನೋಡಿದ್ದನಂತೆ ಎನ್ನಲೇ? ಕನಸಾಯಿತು, ದೇವರು ಹೇಳಿತು ಎನ್ನಲೇ? ದೇವರ ಮೇಲೆ ಹಾಕಿದರೆ ಜನ ಕೈಮುಗಿದು ಒಪ್ಪುತ್ತಾರೆ, ತನ್ನ ಮರ್ಯಾದೆ ಇನ್ನೂ ಒಂದು ಗೇಣು ಏರುತ್ತದೆ. ಹೀಗೆ ಯೋಚಿಸುತ್ತಿದ್ದ ತನ್ನನ್ನು ತಾನೇ ಕಂಡು ಅಣ್ಣಯ್ಯಪ್ಪನಿಗೆ ಥೂ ಅನ್ನಿಸಿತು. ಆ ಮುದುಕಿ ಅಂದು ಯಾವ ದೇವರನ್ನೂ ಕರೆಯಲಿಲ್ಲ. ಬರಿಗೈಯಲ್ಲಿ ನಿಂತಿದ್ದಳು.

ಹೊತ್ತು ಇಳಿಯುವಾಗ ಬೇವಿನ ಮರದಡಿ ಕರಿಯಪ್ಪನೂ ಇನ್ನೂ ಮೂರು ನಾಲ್ಕು ಜನರೂ ಕಂಬಳಿಯ ಉಣ್ಣೆ ನೂಲುತ್ತಾ ಕೂತಿದ್ದರು. ಕರಿಯಪ್ಪ ಹಟ್ಟಿಯ ಯಜಮಾನ, ಅಂದು ಮೊದಲು ತಲೆಯಾಡಿಸಿದವನು. ಪೂಂಗೊಡಿ ಮರಿ ಮುಚ್ಚುವ ಬುಟ್ಟಿಗಳನ್ನು ಹೊತ್ತು ದೊಡ್ಡಿಯ ಪಕ್ಕ ನಿಂತಿದ್ದಳು. ಅಣ್ಣಯ್ಯಪ್ಪ ಕುರಿಗಳನ್ನು ಬಾಗಿಲಿಗೆ ಬಿಡದೆ ಅಡ್ಡ ನಿಂತ. ಕುರಿಗಳು ಅವನ ಬೆನ್ನ ಹಿಂದೆ ಒತ್ತಿಕೊಂಡು ಅರಚತೊಡಗಿದವು.

“ದೊಡ್ಡಕ್ಕ ಕದ್ದಿರ್ಲಿಲ್ಲ,” ಎಂದ. “ಆ ಮರಿ ಅವಳ್ದು. ತಪ್ಪು ನಂದು.”

ನೂಲುವ ಕದಿರುಗಳು ನಿಂತವು. ಕರಿಯಪ್ಪ ನಕ್ಕ, ತಮಾಷೆ ಎಂದುಕೊಂಡು. ಅವನ ಮುಖ ನೋಡಿ ನಗೆ ನಿಲ್ಲಿಸಿದ. “ಎಂಗಲಾ? ಮರಿ ನಿನ್ ಕುರಿ ಕೆಚ್ಚಲಿಗೆ ಬಾಯಾಕಿದ್ನ ನಾವೆಲ್ಲ ನೋಡಿದ್ವಲ್ಲ. ಈಗೆಂಗ್ ಗೊತ್ತಾಯ್ತು ನಿಂಗೆ?”

ದೊಡ್ಡಿಯ ಪಕ್ಕದಲ್ಲಿ ಬುಟ್ಟಿಯೊಂದು ಕೆಳಗೆ ಬಿದ್ದ ಸದ್ದಾಯಿತು. ಪೂಂಗೊಡಿ ಎರಡು ಹೆಜ್ಜೆ ಮುಂದೆ ಬಂದಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ, ಬಾಯಿ ತೆರೆದಿತ್ತು. ಹೇಳಿಯೇ ಬಿಡುತ್ತಾಳೆ, ಎಂದುಕೊಂಡ ಅಣ್ಣಯ್ಯಪ್ಪ. ಹುಡುಗಿಯ ಆ ಧೈರ್ಯ ಕಂಡು ಅವನ ಎದೆ ತುಂಬಿ ಬಂತು. ಅವಳ ಕಡೆ ನೋಡಿದ. ಎಂಟು ತಿಂಗಳ ಹಿಂದೆ ಇದೇ ಮರದ ಕೆಳಗಿನಿಂದ ದೊಡ್ಡಕ್ಕ ನೋಡಿದ ಹಾಗೆಯೇ ನೋಡಿದ. ಹುಡುಗಿ ನಿಂತಳು.

“ಎಂಗ್ ಗೊತ್ತಾಯ್ತು ಅಂತ ಕೇಳ್ಬ್ಯಾಡ ಕರಿಯಣ್ಣ. ಅವತ್ತು ಗೊತ್ತು ಅಂದೆ. ಗೊತ್ತಿರ್ಲಿಲ್ಲ. ಅಷ್ಟೆ.”

“ಅಂಗಾದ್ರೆ ಮೊನ್ನೆ ನಮ್ಮ ಮರಿ ಅಲ್ಲ ಅಂತ ಒಂದ್ನ ಆಚೆಗ್ ಬಿಟ್ಯಲ್ಲ, ಅದು?” ಎಂದ ಇನ್ನೊಬ್ಬ.

“ಅದೂ ತಪ್ಪಿರ್ಬೋದು.”

ಯಾರೋ ಗೊಣಗಿದರು. ಯಾರೋ ಕಿಸಕ್ಕೆಂದರು. ಕಣ್ಣಣ್ಣಯ್ಯಪ್ಪ ಎನ್ನುವ ಹೆಸರು ಆ ಬೇವಿನಡಿಯಲ್ಲಿ ಎಷ್ಟು ಬೇಗ ಬಿದ್ದುಹೋಯಿತೆಂದರೆ ಅವನಿಗೇ ಆಶ್ಚರ್ಯವಾಯಿತು. ಕಟ್ಟಲು ಅಪ್ಪ ಮಗ ಇಬ್ಬರ ಆಯಸ್ಸು ಹಿಡಿದಿತ್ತು. ನೋವಾಯಿತು, ಚೆನ್ನಾಗಿಯೇ ನೋವಾಯಿತು. ಕರಿಯಪ್ಪ ಕದಿರನ್ನು ಪಕ್ಕಕ್ಕಿಟ್ಟು ಎದ್ದು, “ಸರಿ, ಬ್ಯಾಡ ಅಂದೋರು ನಾವೂ ಸೇರ್ಕಂಡೇ ಅಂದ್ವಿ. ನಡಿ, ಕರ್ಕಂಡ್ ಬರಾಣ,” ಎಂದ.

ಅವಳನ್ನು ಕರೆಯಬೇಕಾಗಿ ಬರಲಿಲ್ಲ. ದೊಡ್ಡಕ್ಕ ತನ್ನ ಏಳು ಕುರಿಗಳೊಡನೆ ದಾರಿಯ ತಿರುವಿನಲ್ಲಿ ನಿಂತುಬಿಟ್ಟಿದ್ದಳು, ಎಲ್ಲ ಕೇಳುವಷ್ಟು ಹತ್ತಿರ. ಕರಿಯಪ್ಪ ಹೋಗಿ “ಬಾ ದೊಡ್ಡಕ್ಕ,” ಎಂದ ಮೇಲೆ ಅವಳು ಸೆರಗು ಸರಿಪಡಿಸಿಕೊಂಡು ನಿಧಾನವಾಗಿ ಬಂದಳು. ಅಣ್ಣಯ್ಯಪ್ಪ ದೊಡ್ಡಿಯ ಬಾಗಿಲಿನಿಂದ ಪಕ್ಕಕ್ಕೆ ಸರಿದ. ಇಪ್ಪತ್ತು ವರ್ಷ ನಿಂತ ಜಾಗದಲ್ಲಿ ನೆಲ ಸವೆದು ಎರಡು ಪಾದದ ಗುಳಿ ಬಿದ್ದಿತ್ತು.

“ನೀನ್ ನಿಂತ್ಕ ಅಕ್ಕ.”

“ನಂಗೆ ಒಂದ್ ಕಣ್ಣು ಮಬ್ಬು ಕಣಪ್ಪ.”

“ಇರ್ಲಿ. ನಿಂತ್ಕ.”

ಅವಳು ನಿಂತಳು. ಅವನು ಆಚೆ ಕಡೆ, ಹೆಂಗಸರು ನಿಲ್ಲುವ ಕಡೆ, ಪೂಂಗೊಡಿಯ ಪಕ್ಕದಲ್ಲಿ ಬಗ್ಗಿ ಮರಿಗಳನ್ನು ತಡೆಯತೊಡಗಿದ. ಕುರಿಗಳು ಧೂಳೆಬ್ಬಿಸಿಕೊಂಡು ನುಗ್ಗಿದವು. ದೊಡ್ಡಕ್ಕ ಎಡಗೈಯಿಂದ ಒಂದೊಂದನ್ನೂ ಮುಟ್ಟಿ, “ಇದು ಕರಿಯಪ್ಪಂದು. ಇದು ನಿಮ್ದು. ಇದು ನಂದು,” ಎನ್ನುತ್ತಾ ಹೋದಳು. ಬೆಳಿಗ್ಗೆಯ ತೊಗಲು ಹೊದ್ದ ಮರಿ ತನ್ನ ಹೊಸ ತಾಯಿಯ ಹಿಂದೆ ತೂರಾಡುತ್ತಾ ಓಡಿ ಹೋಯಿತು, ಬಲಭುಜದ ಗಂಟು ಹಾಗೆಯೇ ಇತ್ತು. ಕೊನೆಯಲ್ಲಿ ಆ ವರ್ಷದ ಹೆಣ್ಣುಕುರಿ ಬಂತು. ಅದು ಬಾಗಿಲಲ್ಲಿ ನಿಂತು ಒಮ್ಮೆ ಮುದುಕಿಯ ಕೈ ಮೂಸಿತು, ಒಮ್ಮೆ ಒಳಗಿದ್ದ ಬಿಳಿಮೂತಿಯ ಕಡೆ ತಿರುಗಿ ಅರಚಿತು. ದೊಡ್ಡಕ್ಕ ಅದರ ಕುತ್ತಿಗೆಯ ಮೇಲೆ ಕೈಯಿಟ್ಟಳು. ಅದರ ಎಡಗಿವಿಯಲ್ಲಿ ಅಣ್ಣಯ್ಯಪ್ಪ ತಾನೇ ಕತ್ತರಿಸಿದ ಗುರುತು ಒಣಗಿ ಗಟ್ಟಿಯಾಗಿತ್ತು. ಜನರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು.

“ಇದು ಯಾರ್ದಪ್ಪ ಅಣ್ಣಯ್ಯಪ್ಪ?” ಎಂದಳು. “ನಂಗೇನೋ ತಿಳೀತಿಲ್ಲ.”

ಅಣ್ಣಯ್ಯಪ್ಪ ನೆಟ್ಟಗಾಗಿ ನಿಂತು ಕುರಿಯನ್ನು ನೋಡಿದ, ಅವಳನ್ನು ನೋಡಿದ. ಈ ಬಾಗಿಲಲ್ಲಿ ಆ ಮಾತು ಅವನ ಬಾಯಲ್ಲಿ ಎಂದೂ ಬಂದದ್ದಿಲ್ಲ; ಬಂದಾಗ ಅಷ್ಟೇನೂ ಭಾರವಿರಲಿಲ್ಲ.

“ನಂಗೂ ಗೊತ್ತಿಲ್ಲ ಕಣಕ್ಕ,” ಎಂದ. “ಒಳಕ್ ಬುಡು.”